ಹನ್ನೆರಡನೇ ಪುಟದ ಇಂಟಿಪೇರು

ಟಿವಿಗೆ ಕಸೂತಿ ಹಾಕಿದ ಮುಸುಕು ಹೊದಿಸುತ್ತಿದ್ದ ಕಾಲ ಅದು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನಮ್ಮ ಬಾಡಿಗೆ ಮನೆ; ಅಪ್ಪನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ. ನನಗೆ ಹತ್ತು ವರ್ಷ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು. ಊಟದ ನಡುವೆ ಕೂಡ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೆ.

ಅಂಥ ನನ್ನನ್ನು ಒಂದು ಕಡೆ ಕೂರಿಸಿದ್ದು ಫುಟ್‌ಬಾಲ್. ಅದು ವಿಶ್ವಕಪ್ಪಿನ ವರ್ಷ. ಯುರೋಪಿನ ಒಂದು ಹೆಸರಾಂತ ತಂಡದ ಆಟಗಾರರ ಮನೆತನದ ಕಥೆಗಳು ಇಂಗ್ಲಿಷ್ ಪೇಪರಿನಲ್ಲಿ ದಿನಕ್ಕೊಂದರಂತೆ ಬರುತ್ತಿದ್ದವು. ಆಡುವುದು ಒಂದೇ ದೇಶಕ್ಕೆ, ಹಿರಿಯರ ಊರು ಮಾತ್ರ ಒಬ್ಬೊಬ್ಬರದು ಒಂದೊಂದು ಕಡೆ. ಅಪ್ಪ ಅವನ್ನು ಸ್ವಲ್ಪ ಒಗ್ಗರಣೆ ಹಾಕಿಯೇ ಕನ್ನಡದಲ್ಲಿ ಹೇಳುತ್ತಿದ್ದರು. ಗೋಲ್‌ಕೀಪರನ ಅಜ್ಜಿ ಬಂದರಿನಲ್ಲಿ ಮೀನು ಮಾರಿದವಳು. ಇನ್ನೊಬ್ಬನ ಅಪ್ಪ ಮೈಮೇಲಿನ ಒಂದೇ ಕೋಟಿನಲ್ಲಿ ಹಡಗು ಹತ್ತಿದವನು. ನಾನು ಚಿತ್ರ ಕತ್ತರಿಸಿ, ಮೈದಾ ಅಂಟಿನಿಂದ ಡ್ರಾಯಿಂಗ್ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ತಾತ, ಅಜ್ಜಿ, ಊರು ಎಲ್ಲ ಬರೆಯುತ್ತಿದ್ದೆ. ಹನ್ನೊಂದು ಪುಟ ತುಂಬಿತು. ಹನ್ನೆರಡನೆಯದಕ್ಕೆ ನನ್ನದೇ ಫೋಟೊ ಅಂಟಿಸಿದೆ.

ತೊಡಕು ಶುರುವಾದದ್ದು ಅಲ್ಲೇ. ಆಂಧ್ರದವರು ಯಾರನ್ನು ಕಂಡರೂ ಮೊದಲು ಕೇಳುವುದು ಇಂಟಿಪೇರು, ಅಂದರೆ ಹೆಸರಿನ ಮುಂದೆ ಬರುವ ಮನೆತನದ ಹೆಸರು. ಅರಸೀಕೆರೆ ಕಡೆಯ ಅಪ್ಪನಿಗೆ ಅದಿರಲಿಲ್ಲ. ಎರಡು ಇನಿಶಿಯಲ್ ಅಷ್ಟೇ. "ನೀಕು ಇಂಟಿಪೇರೇ ಲೇದಾ?" ನಿನಗೆ ಇಂಟಿಪೇರೇ ಇಲ್ಲವಾ ಎಂದು ಶಾಲೆಯಲ್ಲಿ ಕೇಳಿದಾಗಲೆಲ್ಲ ನಾಚಿಕೆಯಿಂದ ಹಿಡಿಯಾಗುತ್ತಿದ್ದೆ. ವಿಜಯವಾಡದ ತೆಲುಗರ ಮನೆಯ ಹುಡುಗಿ ನಮ್ಮಮ್ಮ. ಅವಳ ತವರಿಗೆ ಗತ್ತಿನ ಇಂಟಿಪೇರಿತ್ತು. ಅದನ್ನೇ ತೆಗೆದು ಆ ಪುಟದಲ್ಲಿ ಅಪ್ಪನ ಹೆಸರಿನ ಮುಂದೆ ಬರೆದುಬಿಟ್ಟೆ.

ಆ ತಿಂಗಳೇ ವಿಜಯವಾಡದ ಗವರ್ನರ್‌ಪೇಟೆಯ ಅಮ್ಮಮ್ಮನ ಮನೆಗೆ ಹೋದೆವು. ಮನೆಯೆಲ್ಲ ಹೊಸ ಆವಕಾಯಿ ಉಪ್ಪಿನಕಾಯಿಯ ಸಾಸಿವೆ ಘಾಟು. ಊಟವಾಗಿ ನೆಂಟರೆಲ್ಲ ಕೂತಿದ್ದಾಗ ಜಂಬದಿಂದ ಪುಸ್ತಕ ತಂದೆ. ಅಮ್ಮನ ತಮ್ಮ, ನಮ್ಮ ಮಾವಯ್ಯ, ಕೊನೆಯ ಪುಟವನ್ನು ಗಟ್ಟಿಯಾಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬಾವಗಾರೂ! ಮೀದೀ ಮಾ ಇಂಟಿಪೇರೇನಾ? ಅಯಿತೇ ಅಕ್ಕಕಿ ಮೀರು ಅಣ್ಣಯ್ಯ ಅವುತಾರು ಕದಾ!"

ಭಾವನದೂ ನಮ್ಮದೇ ಇಂಟಿಪೇರಾದರೆ ಅಕ್ಕನಿಗೆ ಅವರು ಅಣ್ಣನಾಗುತ್ತಾರಲ್ಲ ಎಂದು ಅವನ ತಮಾಷೆ. ಒಂದೇ ಇಂಟಿಪೇರಿನವರು ಅಣ್ಣತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ನನಗೇನು ಗೊತ್ತು? ಅಮ್ಮಮ್ಮ ಕೆನ್ನೆ ಬಡಿದುಕೊಂಡು ದೇವರ ಕಡೆ ತಿರುಗಿದಳು. ಹೆಸರೂ ಹೆಂಡತಿಯ ಕಡೆಯದೇ, ಇನ್ನು ಪೂರ್ತಿ ಮನೆಯಳಿಯನೇ ಎಂದು ಯಾರೋ ಸೇರಿಸಿದರು. ಎಲ್ಲರ ಜೊತೆ ಅಪ್ಪನೂ ನಕ್ಕರು. ಆಮೇಲೆ ಪುಸ್ತಕ ತೆಗೆದುಕೊಂಡು ಎದ್ದು ಹೋದರು.

ಹುಡುಕಿಕೊಂಡು ಹೋದರೆ, ಹೊರಗಿನ ಮೆಟ್ಟಿಲ ಮೇಲೆ ಕೂತು ಬ್ಲೇಡಿನಿಂದ ಆ ಅಕ್ಷರಗಳನ್ನು ಕೆರೆಯುತ್ತಿದ್ದರು. ನನಗೆ ಅಳು ಬಂತು.

"ತಪ್ಪಾಯ್ತಪ್ಪ."

"ತಪ್ಪೇನಿಲ್ಲ ಕಣೆ. ಇಂಟಿಪೇರಿಲ್ಲ ಅಂದ್ರೆ ನಮಗೆ ಹಿರೀಕರೇ ಇರ್ಲಿಲ್ಲ ಅಂತಾನಾ? ಇಲ್ಲಿ ಕೂತ್ಕೊ, ನಮ್ ತಾತನ ಕಥೆ ಹೇಳ್ತೀನಿ. ನಿನ್ನ ಹನ್ನೊಂದು ಜನದ್ದೂ ಅದರ ಮುಂದೆ ಏನೂ ಅಲ್ಲ."

ಕೂತೆ. ಅಷ್ಟರಲ್ಲಿ ಮಾವಯ್ಯನ ಮಕ್ಕಳು ಗಲ್ಲಿಯಲ್ಲಿ ಚೆಂಡು ಪುಟಿಸುತ್ತ ನನ್ನನ್ನು ಕೂಗಿದರು. ನನ್ನ ಕಾಲು ಆಗಲೇ ಕೆಳಗಿನ ಮೆಟ್ಟಿಲಿಗೆ ಇಳಿದಿತ್ತು.

"ಆಮೇಲೆ ಹೇಳಪ್ಪ."

"ಹೂಂ, ಓಡು. ಆಟೋ ಬರ್ತಾವೆ, ನೋಡ್ಕೊಂಡು."

ಆ 'ಆಮೇಲೆ' ಬರಲೇ ಇಲ್ಲ. ಕೋಚಿಂಗ್, ಹಾಸ್ಟೆಲ್, ಕೆಲಸ ಎಂದು ನಾನು ಓಡುತ್ತಲೇ ಇದ್ದೆ. ಅವರು ಮತ್ತೆ ಆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಅವರ ಬೀರುವಿನಲ್ಲಿ ಆ ಪುಸ್ತಕ ಸಿಕ್ಕಿತು. ಹನ್ನೆರಡನೇ ಪುಟದಲ್ಲಿ ಕೆರೆದ ಜಾಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ಅದರ ಕೆಳಗೆ ಅಪ್ಪನ ಅಕ್ಷರದಲ್ಲಿ "ಅಪ್ಪನ ತಾತ:" ಎಂದಿದೆ. ಮುಂದೆ ನಾನು ಬರೆದುಕೊಳ್ಳಲೆಂದು ಸ್ಕೇಲಿಟ್ಟು ಎಳೆದ ನಾಲ್ಕು ಗೆರೆ.

ಅರಸೀಕೆರೆ ಕಡೆಯ ನೆಂಟರಿಗೆಲ್ಲ ಫೋನು ಮಾಡಿದೆ. ಉಳಿದವರಲ್ಲಿ ಯಾರಿಗೂ ಆ ತಾತನ ಹೆಸರು ಕೂಡ ಗೊತ್ತಿಲ್ಲ. ಎಲ್ಲೋ ಮೀನು ಮಾರುತ್ತಿದ್ದ ಆ ಗೋಲ್‌ಕೀಪರನ ಅಜ್ಜಿಯ ಹೆಸರು ನನಗೆ ಇವತ್ತಿಗೂ ಬಾಯಿಪಾಠ.