ಸೀರೆಯ ದಡಿಗೆ ಬಂದ ಲಡಾಯಿ ಗುರುತು

ಫೌಜು ಬಿಟ್ಟು ಬಂದ ವರ್ಷ ನರಗುಂದದಿಂದ ಗಜೇಂದ್ರಗಡಕ್ಕೆ ಹೊರಟೆ. ಬರ್ಮಾದಲ್ಲಿ ಸತ್ತ ಗೆಳೆಯ ವೀರಪ್ಪನ ಅಂಗಿಯ ತೋಳಿನಿಂದ ಬಿಚ್ಚಿದ ಗುರುತು ಜೇಬಿನಲ್ಲಿತ್ತು: ಕರಿ ಬಟ್ಟೆಯ ಮೇಲೆ ಶಂಕರಪೋಳಿ ತಿಂಡಿಯಂತೆ ಓರೆ ಚೌಕದ ಕೆಂಪು ತುಂಡು. ಅದು ನಮ್ಮ ಡಿವಿಜನ್ನಿನ ಗುರುತು. ಅವನ ಹೆಂಡತಿಗೆ ಮುಟ್ಟಿಸಬೇಕಿತ್ತು.

ರೋಣದವರೆಗೆ ಎರೆಮಣ್ಣಿನ ದಾರಿ. ಬಸ್ಸಿಗೆ ಹನ್ನೆರಡಾಣೆ ಕೊಟ್ಟು ಮೈಕೈ ನೋಯಿಸಿಕೊಂಡದ್ದಾಯಿತು. ರೋಣದಲ್ಲಿ ಗಿರಮಿಟ್ಟು ತಿಂದು ಚಹಾ ಕುಡಿಯುವಾಗ ಎದುರಿಗೆ ಹೋದ ಹೆಂಗಸಿನ ಸೀರೆ ನೋಡಿ ದಂಗಾದೆ. ಕರಿ ದಡಿಯ ತುಂಬ ನಮ್ಮದೇ ಗುರುತು, ಸಾಲು ಸಾಲಾಗಿ, ರಾಡಿಯಲ್ಲಿ ಎಳೆದಾಡುತ್ತಿತ್ತು. ನನ್ನ ಮೈ ಉರಿಯಿತು. ಅದು ಗಜೇಂದ್ರಗಡದ ಶಂಕರಪೋಳಿ ದಡಿ, ಈಗ ಮದುವೆಗೆಲ್ಲ ಅದೇ ಬೇಕು ಎಂದ ಚಹಾದಂಗಡಿಯವ.

ಗಜೇಂದ್ರಗಡದಲ್ಲಿ ವೀರಪ್ಪನ ಅಪ್ಪ ಸಂಗಪ್ಪ ಮಗ್ಗದಲ್ಲಿ ಕೂತು ಅದೇ ದಡಿ ನೇಯುತ್ತಿದ್ದ. ಜನ ಪ್ರಾಣ ಕೊಟ್ಟ ಗುರುತನ್ನು ಹೆಂಗಸರ ಕಾಲಿಗೆ ತಂದೆಯಲ್ಲ ಎಂದು ಬೈದೆ. ಮುದುಕ ಲಾಳಿ ನಿಲ್ಲಿಸಿ ಅದರ ಅರ್ಥವೇನೆಂದು ಕೇಳಿದ. ನಿಜ ಹೇಳಬೇಕಾಯಿತು. ಹುಲಿ, ಆನೆ, ಹದ್ದು ಎಲ್ಲವನ್ನೂ ಬೇರೆ ಡಿವಿಜನ್ನಿನವರು ಮೊದಲೇ ಹಿಡಿದಿದ್ದರಂತೆ. ಉಗ್ರಾಣದಲ್ಲಿ ಕೆಂಪು ಬಟ್ಟೆ ಉಳಿದಿತ್ತೆಂದು ಯಾವನೋ ದೊಡ್ಡ ಸಾಹೇಬ ಹೀಗೆ ಕತ್ತರಿಸಿ ಎಂದನಂತೆ. ಅದು ಭಲ್ಲೆಯ ಮೊನೆ, ಶೌರ್ಯದ ಗುರುತು ಎಂಬುದೆಲ್ಲ ಆಮೇಲೆ ನಮಗೆ ಹೇಳಿಕೊಟ್ಟದ್ದು. ನಾವೂ ಎದೆಯುಬ್ಬಿಸಿ ನಡೆದೆವು.

"ರಜಾದಾಗ ಬಂದಾಗ ಹಳೇ ಅಂಗಿ ಬಿಟ್ಟುಹೋಗಿದ್ದ. ಅದರ ತೋಳಿನ ಗುರುತು ನೋಡಿ ನೇದೇನ್ರಿ," ಎಂದ ಸಂಗಪ್ಪ. "ಅವನದು ಅಂತ ಮತ್ತೇನೂ ಉಳದಿಲ್ಲ."



ಮೂಲೆಯಲ್ಲಿ ಅವನ ಸೊಸೆ, ವೀರಪ್ಪನ ಹೆಂಡತಿ ನೀಲವ್ವ ಕೆಂಪು ನೂಲು ಸುತ್ತುತ್ತಿದ್ದಳು. ಉಟ್ಟದ್ದು ದಡಿಯಿಲ್ಲದ ಸೀರೆ. ಗುರುತಿನ ದಡಿಯ ಮೊದಲ ಸೀರೆಯನ್ನು ಮಾವ ಅವಳಿಗೇ ಕೊಟ್ಟಿದ್ದನಂತೆ. ಗಂಡ ಸತ್ತವಳಿಗೆ ಕೆಂಪು ಗುರುತಿನ ದಡಿ ಎಲ್ಲಿಯದೆಂದು ಓಣಿಯ ಹೆಂಗಸರು ಮನೆಗೇ ಬಂದು ಬಿಚ್ಚಿಸಿದರಂತೆ. ಗುರುತನ್ನು ಕೊಟ್ಟೆ. ಅವಳು ಬೆರಳಾಡಿಸಿ ನೋಡಿದಳು.

"ಸಾಯೂಮುಂದ ಇದು ಅವರ ಮೈಮ್ಯಾಲಿತ್ತೇನ್ರಿ, ಅಣ್ಣಾರ?"

ಇತ್ತು ಎಂದೆ.

"ಸಾಯೂವಾಗ ಅವರಿಗೆ ಕೆಂಪು ನಡೀತು. ಬದುಕಾಕ ನನಗ ನಡಿಯೂದಿಲ್ಲ," ಎಂದಳು. "ನೀವ ಇಟ್ಕೋರಿ." ಗುರುತನ್ನು ನನ್ನ ಮುಂದಿಟ್ಟು ಮತ್ತೆ ನೂಲಿಗೆ ಕೈ ಹಾಕಿದಳು.

ಸಂಜೆಯ ಬಸ್ಸಿನ ಮೇಲೆ ವ್ಯಾಪಾರಿಯೊಬ್ಬ ಅದೇ ಸೀರೆಗಳ ಗಂಟು ಏರಿಸಿದ. ರೋಣದಲ್ಲಿ ಗಂಟು ಇಳಿಯಿತು. ವೀರಪ್ಪನ ಗುರುತು ನನ್ನ ಜೇಬಿನಲ್ಲೇ ನರಗುಂದಕ್ಕೆ ವಾಪಸು ಬಂತು.