ಕಲ್ಯಾಣಪ್ಪನವರ ಸ್ಟೀಮ್‌ಪಂಕ್ ಪುಸ್ತಕ

ಅಫಜಲಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಕಲ್ಯಾಣಪ್ಪನವರಿಗೆ ಒಂದೇ ಹುಚ್ಚು, ಸ್ಟೀಮ್‌ಪಂಕ್. ಹಬೆ ಎಂಜಿನ್ನಿನ ಕಾಲ ಮುಗಿಯದೇ ಹೋಗಿದ್ದರೆ ಜಗತ್ತು ಹೇಗಿರುತ್ತಿತ್ತು ಎಂದು ಊಹಿಸುವ ವೈಜ್ಞಾನಿಕ ಕಥೆಗಳವು. ಹಬೆಯಿಂದ ಹಾರುವ ಹಡಗು, ಹಲ್ಲುಚಕ್ರ ತಿರುಗಿಸಿ ಲೆಕ್ಕ ಮಾಡುವ ಯಂತ್ರ. ಇಂಥ ಕಥೆ ಹುಟ್ಟಿದ್ದು ಹೇಗೆ ಎಂದು ಅವರು ಕನ್ನಡದಲ್ಲಿ ಪುಸ್ತಕ ಬರೆಯುತ್ತಿದ್ದರು. ಬರೆಯುತ್ತಿದ್ದರು ಅನ್ನುವುದಕ್ಕಿಂತ ಹೇಳುತ್ತಿದ್ದರು. ಬಸ್ ನಿಲ್ದಾಣದ ಹತ್ತಿರ ಡಿಟಿಪಿ ಅಂಗಡಿ ಇಟ್ಟಿದ್ದ ಹೆಂಡತಿ ಗಂಗಾಬಾಯಿ ಕೇಳಿಕೊಂಡು ಟೈಪ್ ಮಾಡುತ್ತಿದ್ದರು.

ಒಮ್ಮೆ ಆಕೆ ಕೈ ನಿಲ್ಲಿಸಿ ಕೇಳಿದರು: "ಕಂಪ್ಯೂಟರ್ ಬಂದ ಮ್ಯಾಲೂ ಈ ಕಥಿ ಬರ್ಯೋ ಮಂದಿ ಹೊಳ್ಳಿ ಹಬಿ ಎಂಜಿನ್ನಿಗಿ ಯಾಕ ಹೋದ್ರು?"

"ಅದನ್ನ ಕಡೀ ಅಧ್ಯಾಯದಾಗ ಹೇಳ್ತೇನಿ, ತಡಿ."

ಆ ಅಧ್ಯಾಯ ಶುರುವಾಗುವ ಮೊದಲೇ, ಪಾಠ ಮಾಡುತ್ತಿದ್ದ ಕಲ್ಯಾಣಪ್ಪನವರ ಮಾತು ತೊದಲಿತು. ಹುಡುಗರು ತಮಾಷೆ ಅಂದುಕೊಂಡು ನಕ್ಕರು. ಅವರು ಮೇಜಿನ ಮೇಲೆ ಕುಸಿದಾಗಲೇ ನಗು ನಿಂತದ್ದು. ಕಲಬುರಗಿಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ತಡವಾಗಿತ್ತು. ಜೀವ ಉಳಿಯಿತು. ಬಲಗೈ ಮತ್ತು ಮಾತು ಉಳಿಯಲಿಲ್ಲ.

ಅವರಿಗೆ ಎಲ್ಲ ತಿಳಿಯುತ್ತಿತ್ತು. ಹೇಳಲು ಹೋದರೆ ಮಾತ್ರ ಬೇರೆಯದೇ ಪದ ಬರುತ್ತಿತ್ತು. ನೀರು ಬೇಕಾದರೆ "ಗಾಲಿ" ಅನ್ನುವರು, ತಪ್ಪಾಯಿತೆಂದು ಗೊತ್ತಾಗಿ ಕಣ್ಣೀರು ಹಾಕುವರು. ಆಮೇಲೆ ಹೇಳುವುದನ್ನೇ ಬಿಟ್ಟರು. ಕೊನೆಗೆ ಊಟವನ್ನೂ ಬಿಟ್ಟರು. ಗಂಗಾಬಾಯಿ ತುತ್ತು ಹಿಡಿದರೆ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದರು.

"ನನ್ನ ಸಲುವಾಗಿಯಾದ್ರೂ ಉಣ್ರಿ. ನಾ ಏನ ಮಾಡ್ಲಿ, ಯಾರಿಗಿ ಕೇಳ್ಲಿ?" ಎಂದು ಆಕೆ ಅತ್ತರೂ ಆ ಮುಖ ಈಚೆ ತಿರುಗಲಿಲ್ಲ.

ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಗೆಳೆಯ ಮಸೂದ ಒಂದು ಸಂಜೆ ಬಂದು ಮಂಚದ ಪಕ್ಕ ಕುಳಿತರು. ಏನು ಮಾತಾಡಬೇಕೆಂದು ತಿಳಿಯದೆ ಪುಸ್ತಕದ ವಿಷಯವನ್ನೇ ಎತ್ತಿದರು. "ಅಮೆರಿಕಾದಾಗ ಒಬ್ಬ ಲೇಖಕ ಪತ್ರಿಕಾಕ್ಕ ಕಾಗದ ಬರದು ಸ್ಟೀಮ್‌ಪಂಕ್ ಅಂತ ಹೆಸರಿಟ್ಟ. ಆಮ್ಯಾಲ ಎಲ್ಲಾರೂ ಅಂಥಾ ಕಥಿ ಬರಿಯಾಕ ಹತ್ತಿದ್ರು. ಹೌದಲ್ರಿ?"

ಕಲ್ಯಾಣಪ್ಪನವರ ಎಡಗೈ ಮಂಚದ ಪಟ್ಟಿಗೆ ಬಡಿಯಿತು.

"ಅಲ್ಲ!"

ಗಂಗಾಬಾಯಿ ಅಡುಗೆಮನೆಯಿಂದ ಓಡಿ ಬಂದರು.

"ಕಥಿ... ಮದ್ಲ. ಹೆಸರ... ಚಾಷ್ಟಿ."

ಅವರು ಹೇಳಿದ್ದು ಸರಿಯಿತ್ತು, ಗಂಗಾಬಾಯಿ ತಾವೇ ಟೈಪ್ ಮಾಡಿದ ಸಂಗತಿ. ಅಮೆರಿಕಾದಲ್ಲಿ ಮೂವರು ಗೆಳೆಯರು ವರ್ಷಗಳಿಂದ ಹಬೆಯ ಕಾಲದ ಕಥೆ ಬರೆಯುತ್ತಿದ್ದರು. ಕಂಪ್ಯೂಟರ್ ಕಥೆಗಳಿಗೆ ಸೈಬರ್‌ಪಂಕ್ ಅನ್ನುವುದು ಆಗ ಹೊಸ ಫ್ಯಾಶನ್ನು. ಹಾಗಾದರೆ ನಮ್ಮದು ಸ್ಟೀಮ್‌ಪಂಕ್ ಇರಲಿ ಎಂದು ಅವರಲ್ಲೊಬ್ಬ ಅರ್ಧ ಚೇಷ್ಟೆಗೆ ಬರೆದ. ಹೆಸರು ಅಂಟಿಕೊಂಡಿತು.

ಮರುದಿನದಿಂದ ಗಂಗಾಬಾಯಿ ಬೇಕೆಂದೇ ತಪ್ಪು ಹೇಳತೊಡಗಿದರು. ಇಂಥ ಕಥೆಗಳ ಬೇರು ಜಪಾನಿನಲ್ಲಿದೆ ಅನ್ನುವರು. ಸಿಟ್ಟಿನಲ್ಲಿ ಗಂಡನ ಬಾಯಿಂದ "ಲಂಡನ್" ಎಂದು ಹೊರಬೀಳುತ್ತಿತ್ತು. ಆ ಸಿಟ್ಟು ಇಳಿಯುವುದರೊಳಗೆ ಆಕೆ ಬಾಯಿಗೆ ತುತ್ತು ಇಡುತ್ತಿದ್ದರು. ಅವರು ನುಂಗುತ್ತಿದ್ದರು.

ತಪ್ಪು ಹೇಳಲು ಉತ್ತರ ಗೊತ್ತಿರಬೇಕು. ಕೊನೆಯ ಅಧ್ಯಾಯದ ಉತ್ತರ ಆಕೆಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ನೇರವಾಗಿ ಕೇಳಿಯೇಬಿಟ್ಟರು: "ಹಬಿಗಿ ಯಾಕ ಹೊಳ್ಳಿ ಹೋದ್ರು, ಹೇಳ್ರಿ."

ಕಲ್ಯಾಣಪ್ಪನವರ ಹಣೆ ಬೆವರಿತು. "ಒಳಗ... ಕಾಣ್ತದ."

"ಎಂಜಿನ್ನಿನ ಒಳಗ ಏನ ನಡ್ಯಾಕತ್ತದ ಅಂಬೋದು ಕಣ್ಣಿಗಿ ಕಾಣ್ತದ. ಮೊಬೈಲಿನ್ಯಾಗ ಕಾಣಂಗಿಲ್ಲ. ಇಷ್ಟೇ ಏನ್ರಿ?"

ಅವರು ತಲೆ ಅಡ್ಡ ಆಡಿಸಿದರು. ಇಷ್ಟೇ ಅಲ್ಲ, ಇನ್ನೂ ಇದೆ. ಬಾಯಿ ತೆರೆದರು, ಮುಚ್ಚಿದರು. ಎಡಗೈಯಿಂದ ತಮ್ಮ ತಲೆಗೇ ಹೊಡೆದುಕೊಳ್ಳತೊಡಗಿದರು. ಆಕೆ ಆ ಕೈಯನ್ನು ಎದೆಗೊತ್ತಿ ಹಿಡಿದು, "ಸಾಕ್ರಿ, ಸಾಕು, ನಾ ಕೇಳಂಗಿಲ್ಲ" ಎಂದರು.

ಉಳಿದದ್ದು ಬರಲಿಲ್ಲ. ಬೇಸಿಗೆ ಕಳೆದರೂ ಬರಲಿಲ್ಲ. ಗೊತ್ತಿದ್ದಷ್ಟನ್ನು ಹೊಂದಿಸಿ ಪುಸ್ತಕ ಮುಗಿಸಿಕೊಡುತ್ತೇನೆಂದು ಮಸೂದ ಹೇಳಿದರು. ಗಂಗಾಬಾಯಿ ಗಂಡನ ಮುಖ ನೋಡಿದರು. ಆ ಮುಖದಲ್ಲಿದ್ದ ಗಾಬರಿ ಕಂಡು, "ಬ್ಯಾಡ್ರಿ ಅಣ್ಣಾ" ಎಂದರು.

ಕೊನೆಯ ಅಧ್ಯಾಯದ ಪುಟದಲ್ಲಿ "ಒಳಗೆ ಕಾಣುತ್ತದೆ" ಎಂದಷ್ಟೇ ಇದೆ. ಕಲ್ಯಾಣಪ್ಪನವರು ಈಗ ಉಣ್ಣುತ್ತಾರೆ, ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ. ಆ ಪುಟ ತೆರೆದಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಾರೆ.