ಜ್ವರ ಬಿಟ್ಟಿತೆಂದು ನೀರು ಹಾಕಿಕೊಂಡೆ

ಮೊದಲು ನೋವು ಬಂದದ್ದು ಬೆರಳ ತುದಿಗೆ. ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಭಾಗಾಕಾರ ಬರೆಯುತ್ತಿದ್ದೆ. ನಡುಬೆರಳು ಚುಳ್ ಎಂದಿತು. ನೋಡಿದರೆ ಕಡಲೆಯಷ್ಟು ಕೆಂಪು ಗಂಟು. ಉಗುರಿನ ಕೆಳಗೆ ಸಣ್ಣ ಸಣ್ಣ ಗೆರೆ, ಸಿಬಿರು ಚುಚ್ಚಿಕೊಂಡ ಹಾಗೆ. ಹುಡುಗರಿಗೆ ಛಡಿ ಹೊಡೆದ ಪಾಪ ಎಂದುಕೊಂಡು ಸುಮ್ಮನಾದೆ. ನಾನು ಆಳಂದದ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುವ ಮಾಸ್ತರ. ಬೈಯುವುದು ಮಾತ್ರ ಕನ್ನಡದಲ್ಲಿ.

ಆಮೇಲೆ ಸಂಜೆ ಸಂಜೆ ಜ್ವರ. ದವಾಖಾನೆಯಲ್ಲಿ ಮಲೇರಿಯಾ ಎಂದು ಕ್ವಿನೈನ್ ಕೊಟ್ಟರು. ಕಿವಿ ಗುಂಯ್‌ಗುಟ್ಟಿತೇ ಹೊರತು ಜ್ವರ ಜಗ್ಗಲಿಲ್ಲ. ತಿಂಗಳಾಗುವುದರೊಳಗೆ ಧೋತರದ ಗಂಟು ಸೊಂಟದಲ್ಲಿ ನಿಲ್ಲದಂತಾಯಿತು. ಹೆಂಡತಿ ಬಾಣಂತನಕ್ಕೆ ಅಫಜಲಪುರದ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿದೆ ಎಂಬ ಸುದ್ದಿ ಬಂದ ದಿನ ನನಗೆ ಎದ್ದು ಕೂರಲೂ ಆಗಲಿಲ್ಲ. ಕಿಣ್ಣಿ ಸುಲ್ತಾನದಿಂದ ಅಕ್ಕ ಗುರುಬಾಯಿ ಬಂದಳು. ಬಂದವಳೇ ನನ್ನ ಮುಖ ನೋಡಿ, ಯಾರನ್ನೂ ಕೇಳದೆ, ಸೊಲ್ಲಾಪುರಕ್ಕೆ ಹೋಗಲು ಗಂಟು ಕಟ್ಟಿದಳು. ಆ ದಿನಗಳಲ್ಲಿ ನಿಜಾಮರ ಗಡಿ ದಾಟುವುದೆಂದರೆ ನಾಕಾದಲ್ಲಿ ನೂರು ಪ್ರಶ್ನೆ. ಅಕ್ಕ ಒಂದಕ್ಕೂ ನನಗೆ ಬಾಯಿ ತೆರೆಯಗೊಡಲಿಲ್ಲ.

ಸೊಲ್ಲಾಪುರದ ಡಾಕ್ಟರು ನನ್ನ ವಯಸ್ಸಿನವರೇ. ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಬೆರಳು ನೋಡಿದರು. ಆಮೇಲೆ, ಇತ್ತೀಚೆಗೆ ಹಲ್ಲು ಕೀಳಿಸಿದ್ದುಂಟೇ ಎಂದು ಕೇಳಿದರು. ಬೆರಳು ನೋಯುತ್ತದೆ ಎಂದರೆ ಹಲ್ಲು ಕೇಳುತ್ತಾರಲ್ಲ ಎಂದು ನನಗೆ ಸಿಟ್ಟೇ ಬಂತು. ಆದರೆ ಕೀಳಿಸಿದ್ದು ನಿಜ. ಎರಡು ತಿಂಗಳ ಹಿಂದೆ, ಸಂತೆಯಲ್ಲಿ ಕೂತವನ ಹತ್ತಿರ, ಒಂದು ದವಡೆ ಹಲ್ಲು. ಅವರು ಆಮೇಲೆ ಕೇಳಿದ ಹಾಗೆ, ಚಿಕ್ಕಂದಿನಲ್ಲಿ ಜ್ವರ ಬಂದು ಕೀಲುಗಳು ಬಾತು ಮಲಗಿದ್ದೂ ನಿಜ. ಆಗಲೇ ಹೃದಯದ ವಾಲ್ವ್ ಕೆಟ್ಟಿತ್ತಂತೆ. ಈಗ ಹಲ್ಲಿನ ಗಾಯದಿಂದ ರಕ್ತಕ್ಕೆ ಇಳಿದ ಹುಳ ಅಲ್ಲಿಗೆ ಹೋಗಿ ಮನೆ ಮಾಡಿದೆ ಎಂದರು.

ಈ ಬ್ಯಾನಿ ಬಂದವರು ಇದುವರೆಗೆ ಉಳಿದದ್ದು ಕಡಿಮೆ ಎಂದೂ ಹೇಳಿದರು.

ಅಕ್ಕ ಗೋಡೆಗೆ ಒರಗಿದಳು. ನಾನು ಮಾತ್ರ, ಇನ್ನೂ ನೋಡದ ಮಗಳ ಮುಖ ಯಾರ ಹಾಗಿರಬಹುದು ಎಂದು ಯೋಚಿಸುತ್ತಿದ್ದೆ. ಅದೊಂದನ್ನು ನೋಡದೆ ಹೋಗುತ್ತೇನಲ್ಲ ಎಂದು ಅಳು ಬಂತು. ಅತ್ತುಬಿಟ್ಟೆ.

ಪೆನಿಸಿಲಿನ್ ಎಂಬ ಹೊಸ ಇಂಜೆಕ್ಷನ್ ಮುಂಬೈಯಿಂದ ಸ್ವಲ್ಪ ಬಂದಿತ್ತು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. "ನಮಗೂ ಇದು ಹೊಸಾದು ಮಾಸ್ತರ. ಎಷ್ಟು ಕೊಡಬೇಕು, ಎಷ್ಟು ದಿನ ಕೊಡಬೇಕು, ಕೊಟ್ಟ ನೋಡಬೇಕು," ಎಂದರು. ಆ 'ಕೊಟ್ಟು ನೋಡಬೇಕು' ಎಂಬ ಮಾತು ಅಕ್ಕನಿಗೆ ಸೇರಲಿಲ್ಲ. ಸಂತೆಯಲ್ಲಿ ಎತ್ತು ಹೂಡಿ ನೋಡಿದ ಹಾಗೆ ನನ್ನ ತಮ್ಮನನ್ನು ಹೂಡಿ ನೋಡುತ್ತಾರೇನು ಎಂದು ಅಂದೆಲ್ಲ ಗೊಣಗಿದಳು.

ನನಗೆ ಮಾತ್ರ ಅವರು ಮಾಡಿದ ಪರೀಕ್ಷೆ ಹಿಡಿಸಿತು. ನನ್ನ ರಕ್ತ ತೆಗೆದು ತಿಳಿಸಾರಿನಂಥದೊಂದು ನೀರಿಗೆ ಹಾಕಿ ಬೆಚ್ಚಗೆ ಇಟ್ಟಿದ್ದರು. ಅದು ಮಬ್ಬಾಯಿತು. ಹುಳ ಬೆಳೆದಿದೆ ಎಂದು ಅರ್ಥ. ಆ ಹುಳವನ್ನು ಸಾಲಾಗಿ ಇಟ್ಟ ಟೆಸ್ಟ್‌ಟ್ಯೂಬುಗಳಿಗೆ ಹಾಕಿ, ಒಂದೊಂದಕ್ಕೂ ಹಿಂದಿನದಕ್ಕಿಂತ ಹೆಚ್ಚು ಅಳತೆ ಪೆನಿಸಿಲಿನ್ ಬೆರೆಸಿದರು. ಮರುದಿನ ತಂದು ತೋರಿಸಿದರು. ಮೊದಲಿನವು ಮಬ್ಬು, ಆಮೇಲಿನವು ತಿಳಿ. ಎಲ್ಲಿಂದ ತಿಳಿಯಾಯಿತೋ ಅಲ್ಲಿಂದ ನನ್ನ ಸೂಜಿಯ ಅಳತೆಯ ಲೆಕ್ಕ ಶುರು. ಇಪ್ಪತ್ತು ವರ್ಷ ಸಾಲಿನಲ್ಲಿ ಹುಡುಗರನ್ನು ನಿಲ್ಲಿಸಿ ಪಾಸು ನಾಪಾಸು ಮಾಡಿದವನಿಗೆ ಇದು ಬೇಗ ತಿಳಿಯಿತು.

ಹಗಲೂ ರಾತ್ರಿ ಮೂರು ತಾಸಿಗೊಂದು ಸೂಜಿ. ಕೂರಲು ಜಾಗ ಉಳಿಯಲಿಲ್ಲ.

ಐದನೆಯ ದಿನ ಜ್ವರ ಬಿಟ್ಟಿತು.

ಇನ್ನು ಮುಂದಿನದು ನಮ್ಮ ತಪ್ಪು. ನಮ್ಮ ಕಡೆ ಜ್ವರ ಬಿಟ್ಟಿತೆಂದರೆ ತಲೆಗೆ ನೀರು ಹಾಕುತ್ತಾರೆ. ಬೇವಿನ ಎಲೆ ಕುದಿಸಿದ ನೀರು ತಲೆಯ ಮೇಲೆ ಬಿತ್ತೆಂದರೆ ಬ್ಯಾನಿ ಮುಗಿಯಿತು, ಮನುಷ್ಯ ಎದ್ದ. ನೀರು ಹಾಕಿದವನಿಗೆ ಮತ್ತೆ ಔಷಧ ಕೊಡುವುದು ಅಪಶಕುನ. ಡಾಕ್ಟರು ಇನ್ನೂ ವಾರಗಟ್ಟಲೆ ಇರಬೇಕು ಎಂದಿದ್ದರು. ಬಿಟ್ಟ ಜ್ವರಕ್ಕೆ ಯಾಕೆ ಸೂಜಿ ಎಂದು ಅಕ್ಕ ಕೇಳಿದಳು. ನನ್ನ ಮನಸ್ಸೂ ಅಫಜಲಪುರದಲ್ಲಿತ್ತು. ಒಂದು ಭಾನುವಾರ ಡಾಕ್ಟರು ಇಲ್ಲದ ಹೊತ್ತು ನೋಡಿ ಹೊರಟುಬಿಟ್ಟೆವು. ಆಳಂದದಲ್ಲಿ ಅಕ್ಕ ನೀರು ಹಾಕಿದಳು. ಜಿಡಗಾ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಮೈ ಹಗುರಾಗಿತ್ತು. ಅಫಜಲಪುರಕ್ಕೆ ಹೋಗುವಾಗ ಒಯ್ಯಲು ಮಗಳಿಗೆ ಒಂದು ಕುಂಚಿಗೆ ಹೊಲಿಯಲು ಹಾಕಿದೆ.

ಹನ್ನೊಂದನೆಯ ದಿನ ಬೆರಳು ಮತ್ತೆ ನೋಯಿತು.

ಅಕ್ಕನಿಗೆ ಹೇಳದೆ ಎರಡು ದಿನ ಕಳೆದೆ. ಅವಳು ತಟ್ಟೆಯಲ್ಲಿ ಉಳಿದ ರೊಟ್ಟಿ ನೋಡಿ ಕೈ ಹಿಡಿದು ಬೆರಳು ನೋಡಿದಳು. ಅವಳ ಮುಖ ನೋಡಲಾಗಲಿಲ್ಲ. ಮತ್ತೆ ಸೊಲ್ಲಾಪುರಕ್ಕೆ ಹೊರಟೆವು. ತಾನೇ ಕೈಯಾರೆ ತಮ್ಮನನ್ನು ಕೊಂದೆ ಎಂದು ದಾರಿಯುದ್ದಕ್ಕೂ ಅಂದುಕೊಂಡಳಂತೆ. ನನಗೆ ಜ್ವರಕ್ಕಿಂತ ಹೆಚ್ಚಾಗಿ ಬೇರೊಂದು ಹೆದರಿಕೆ. ಅಷ್ಟು ದುರ್ಲಭವಾದ ಔಷಧವನ್ನು ಅರ್ಧಕ್ಕೆ ಬಿಟ್ಟು ಓಡಿದವನಿಗೆ ಮತ್ತೆ ಯಾಕೆ ಕೊಡುತ್ತಾರೆ?

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ರಕ್ತ ತೆಗೆದರು, ಮತ್ತೆ ಟ್ಯೂಬು ಸಾಲಾಗಿ ಇಟ್ಟರು. ಮೊದಲು ತಿಳಿಯಾಗಿದ್ದ ಅಳತೆಯಲ್ಲಿ ಈ ಸಲ ಮಬ್ಬು.

"ಇದು ಮೊದಲಿನ ಅಳತಿಗೆ ಬಗ್ಗಂಗಿಲ್ಲ ಮಾಸ್ತರ. ಎರಡು ಪಟ್ಟು ಕೊಡತೇನಿ. ಆದ್ರ ಜ್ವರ ಬಿಟ್ಟ ಮ್ಯಾಲೂ ಆರು ವಾರ ಇರಬೇಕು. ಇರತೀರೇನು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಇರತಾನ್ರಿ. ನಾ ಕಾಲು ಹಿಡದು ಕೂಡತೇನಿ."

ಹಾಗೇ ಕೂತಳು. ಈ ಸಲ ಜ್ವರ ಬಿಡಲು ಒಂಬತ್ತು ದಿನ ಹಿಡಿಯಿತು. ಬಿಟ್ಟಾಗ ಅಕ್ಕ ನಗಲೂ ಇಲ್ಲ. ಆರು ವಾರ ನನ್ನ ತಲೆಗೆ ನೀರು ಬೀಳಲಿಲ್ಲ, ಕೂದಲು ಅಂಟು ಹಿಡಿದು ಬೈರಾಗಿಯಂತಾದೆ. ನರ್ಸಮ್ಮ ಸೂಜಿಗೆ ಐದು ನಿಮಿಷ ತಡ ಮಾಡಿದರೆ ಅಕ್ಕ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದಳು. ಕಡೆಯಲ್ಲಿ ತೆಗೆದ ರಕ್ತದ ಸೀಸೆ ಎರಡು ವಾರ ಇಟ್ಟರೂ ಮಬ್ಬಾಗಲಿಲ್ಲ.

ಇದನ್ನು ಅಫಜಲಪುರದಲ್ಲಿ ಮಾವನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ವಾಲ್ವ್ ಸರಿಹೋಗುವುದಿಲ್ಲವಂತೆ. ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನೊಂದು ಹಲ್ಲು ಕೀಳಿಸುವುದಾದರೆ ಡಾಕ್ಟರಿಗೆ ಹೇಳಿಯೇ ಕೀಳಿಸಬೇಕು. ಮಗಳ ಮುಖ ನನ್ನ ಹೆಂಡತಿಯದು, ಸಿಟ್ಟು ನನ್ನದು. ಮೊದಲ ಸಲ ನನ್ನನ್ನು ನೋಡಿ ಚೀರಿದಳು. ನನಗೆ ಅದೂ ಸಂತೋಷವೇ.

ಆದರೆ ಆಸ್ಪತ್ರೆಯ ಕೊನೆಯ ವಾರದ್ದೊಂದು ಹೇಳದೆ ಇದು ಮುಗಿಯುವುದಿಲ್ಲ. ಜೇವರ್ಗಿ ಕಡೆಯ ಒಬ್ಬ ಹೆಣ್ಣುಮಗಳು ಅದೇ ಬ್ಯಾನಿಯಿಂದ ಬಂದಿದ್ದಳು, ಜೊತೆಗೆ ಅವಳ ತಾಯಿ. ನನ್ನ ಎರಡು ಸಲದಿಂದ ಕಲಿತದ್ದನ್ನು ಡಾಕ್ಟರು ಆಕೆಗೆ ಮೊದಲ ದಿನದಿಂದಲೇ ಹಚ್ಚಿದ್ದರು: ದೊಡ್ಡ ಅಳತೆ, ಆರು ವಾರ. ನಾಲ್ಕನೆಯ ದಿನ ಆಕೆಗೆ ಜ್ವರ ಬಿಟ್ಟಿತು. ತಾಯಿ ಅರಿವೆ ಮಡಿಸಿ ಗಂಟು ಕಟ್ಟತೊಡಗಿದಳು. ಊರಿಗೆ ಹೋಗಿ ನೀರು ಹಾಕಬೇಕು ಎಂದಳು.

ಅಕ್ಕ ಎದ್ದು ಹೋಗಿ ಆ ಗಂಟಿನ ಮೇಲೆ ಕೂತುಬಿಟ್ಟಳು.

"ನಾ ಹಂಗ ಮಾಡೇ ಇವನ್ನ ಸಾಯಾಕ ಹಚ್ಚಿದ್ದೆ. ಜ್ವರ ಬಿಟ್ರ ಬ್ಯಾನಿ ಬಿಟ್ಟಂಗ ಅಲ್ಲಬೇ," ಎಂದಳು. ತನ್ನ ತಪ್ಪನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆ ತಾಯಿ ನನ್ನ ಕಡೆ ನೋಡಿದಳು. ಗಡ್ಡ, ಅಂಟಿದ ಕೂದಲು, ಎಲುಬು. ನಂಬಿಕೆ ಬರುವಂಥ ರೂಪವಲ್ಲ.

"ಇವರು ಉಳದಾರೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಉಳದಾನ," ಎಂದಳು ಅಕ್ಕ. "ಮುಂಜಾನಿಂದ ಚಹಾ ತಣ್ಣಗ ಆಗ್ಯದ ಅಂತ ನನಗ ಬೈಯಾಕತ್ತಾನ."

ತಾಯಿ ಅಕ್ಕನನ್ನು ಎಬ್ಬಿಸಿ, ಗಂಟು ಬಿಚ್ಚಿ, ಮಗಳ ಸೀರೆಯನ್ನು ಮತ್ತೆ ಕಿಟಕಿಯ ಸರಳಿಗೆ ತೂಗುಹಾಕಿದಳು.